ಒಂದು ತೋಳಿನ ಸ್ವೆಟರು

ಕಳೆದ ವರ್ಷ ರಾಜ್ಯೋತ್ಸವಕ್ಕೆ ಇನ್ನೂ ಆರು ವಾರವಿರುವಾಗ ನಮ್ಮ ಸಂಘದ ಕಾರ್ಯದರ್ಶಿಗಳು ಮಹಿಳಾ ವಿಭಾಗದ ಮುಂದೆ ಒಂದು ಸಲಹೆಯನ್ನಿಟ್ಟರು. ಹಾಡು, ಕೋಲಾಟ, ಪುಳಿಯೋಗರೆ ಪ್ರತಿ ವರ್ಷವೂ ಇದ್ದದ್ದೇ. ಈ ಸಲ ನಮ್ಮ ಹೆಣ್ಣುಮಕ್ಕಳ ಕೈಕೆಲಸದ ಪ್ರದರ್ಶನವೊಂದನ್ನು ಏಕೆ ಏರ್ಪಡಿಸಬಾರದು ಎಂದರು. ಹೆಣಿಗೆ, ಹೊಲಿಗೆ, ಕಸೂತಿ ಬಲ್ಲವರು ಕೈ ಎತ್ತಿ ಎಂದಾಗ ಹತ್ತೊಂಬತ್ತು ಕೈಗಳು ಮೇಲೆದ್ದುವು. ಅಷ್ಟು ಕೈಗಳು ವಂತಿಗೆ ಕೇಳಿದಾಗ ಎಂದೂ ಎದ್ದಿರಲಿಲ್ಲವೆಂದು ಖಜಾಂಚಿಗಳು ಪಕ್ಕದವರ ಕಿವಿಯಲ್ಲಿ ಹೇಳಿದರಂತೆ.

ಮುನ್ನಾದಿನ ಸಂಜೆ ಮೇಜಿನ ಮೇಲೆ ಬಂದು ಕುಳಿತದ್ದು ಮೂರು ವಸ್ತುಗಳು. ಒಂದು ಬಾಗಿಲ ತೋರಣ, ಮಗುವಿನದೊಂದು ಕುಲಾವಿ, ಒಂದು ದಿಂಬಿನ ಚೀಲ. ದಿಂಬಿನ ಚೀಲ ಅಂಗಡಿಯದೆಂದು ಆಮೇಲೆ ತಿಳಿಯಿತು.

ಉಳಿದ ಹದಿನಾರು ಜನ ಏನು ಮಾಡುತ್ತಿದ್ದೆವು? ಮುಗಿಸುತ್ತಿದ್ದೆವು. ಯುನೈಟೆಡ್ ಇಂಡಿಯಾ ಕಾಲೊನಿಯಿಂದ ಟ್ರಸ್ಟ್‌ಪುರದವರೆಗೆ, ರಂಗರಾಜಪುರದಿಂದ ಪವರ್ ಹೌಸ್ ಬಸ್ ನಿಲ್ದಾಣದವರೆಗೆ ಕೋಡಂಬಾಕ್ಕದ ಕನ್ನಡ ಮನೆಗಳಲ್ಲೆಲ್ಲ ಆ ರಾತ್ರಿ ದೀಪ ಆರಲಿಲ್ಲ. ಕೆಲವರ ಮನೆಯಲ್ಲಿ ಅಡಿಗೆಯೂ ಆಗಲಿಲ್ಲ. ಬೆಳಗಾದರೂ ಮುಗಿದವರು ಯಾರೂ ಇಲ್ಲ.

ಕಾರ್ಯದರ್ಶಿಗಳು ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ಬಾಕಿ ಲೆಕ್ಕ ಕಂಡು ಹೆದರುವವರಲ್ಲ. “ಮುಗಿದದ್ದು ಮೂರೇ ಇದ್ದರೆ ಮುಗಿಯದ್ದನ್ನೇ ತನ್ನಿ” ಎಂದುಬಿಟ್ಟರು. ಅಷ್ಟು ಹೇಳಿದ್ದೇ ತಡ, ಅಟ್ಟದಿಂದ ಟ್ರಂಕುಗಳು ಇಳಿದುವು; ಬಿಸ್ಕತ್ತಿನ ಡಬ್ಬಿಗಳು, ಕುಕ್ಕರಿನ ರಟ್ಟಿನ ಪೆಟ್ಟಿಗೆಗಳು, ಮಗನ ಹಳೆಯ ಶಾಲೆಚೀಲಗಳು ಬಾಯಿ ತೆರೆದುವು. ನ್ಯಾಫ್ತಲಿನ್ ಗುಳಿಗೆಯ ವಾಸನೆಗೆ ಪುಳಿಯೋಗರೆಯ ಪರಿಮಳ ಸೋತಿತು. ಎಣಿಸಿದಾಗ ನಲವತ್ತೇಳು ವಸ್ತುಗಳಾದುವು. ಎರಡು ಮೇಜು ಸಾಲದೆ ಊಟದ ಮೇಜನ್ನೂ ಹಿಡಿಯಬೇಕಾಗಿ, ಅತಿಥಿಗಳು ತಟ್ಟೆ ಹಿಡಿದು ನಿಂತೇ ಉಂಡರು. ಆದರೂ ಹೇಳುತ್ತೇವೆ, ನಮ್ಮ ಸಂಘದ ಯಾವ ಪ್ರದರ್ಶನದ ಮುಂದೆಯೂ ಜನ ಅಷ್ಟು ಹೊತ್ತು ನಿಂತಿದ್ದಿಲ್ಲ.

ಅಂದು ಕಂಡದ್ದನ್ನು ಬರೆಯಬೇಕೆಂದು ಸಂಪಾದಕರು ಕೇಳಿದ್ದಾರೆ. ಯಾರ ಹೆಸರನ್ನೂ ಎತ್ತಬಾರದೆಂದು ಮಹಿಳಾ ವಿಭಾಗದಲ್ಲಿ ಕರಾರಾಗಿದೆ. ಆದುದರಿಂದ ಊರಿನ ಹೆಸರಿನಿಂದಲೇ ಕರೆಯುವೆವು. ನಾವು ಒಬ್ಬರನ್ನೊಬ್ಬರು ಕರೆಯುವುದೂ ಹಾಗೆಯೇ.

ಮೊದಲ ಸ್ಥಾನ ಮೈಸೂರಿನವರ ಸ್ವೆಟರಿಗೆ. ತಿಳಿ ಹಳದಿ, ಮುಂಭಾಗ ಹಿಂಭಾಗ ಎರಡೂ ಅಂದವಾಗಿವೆ, ಕತ್ತಿನ ಪಟ್ಟಿಯೂ ಸೊಗಸು. ತೋಳು ಒಂದೇ. ಬೆಂಗಳೂರಿನಲ್ಲಿದ್ದ ಮಗಳಿಗೆ ಐದು ತಿಂಗಳು ತುಂಬಿದಾಗ ಆರಂಭಿಸಿದ್ದು. ಆರಂಭಿಸಿದ್ದು ಮೇ ತಿಂಗಳಲ್ಲಿ, ಕೋಡಂಬಾಕ್ಕದಲ್ಲಿ! ಕತ್ತರಿ ಬಿಸಿಲು, ಫ್ಯಾನು ತಿರುಗಿದರೆ ಬಿಸಿಗಾಳಿ, ನಿಂತರೆ ಕುಲುಮೆ. ಆ ಹೊತ್ತಿನಲ್ಲಿ ತೊಡೆಯ ಮೇಲೆ ಉಲ್ಲನ್ನು ಹರಡಿಕೊಂಡು ಕುಳಿತವರ ಸುಖ ಹೇಳತೀರದು. ಅಂಗೈ ಬೆವತು ನೂಲು ಕಡ್ಡಿಯ ಮೇಲೆ ಜಾರುವುದೇ ಇಲ್ಲ, ಎಳೆದರೆ ಕೀಚೆನ್ನುತ್ತದೆ. ಕೈಗೆ ಪೌಡರ್ ಬಳಿದುಕೊಂಡರೆ ಹಳದಿ ಸ್ವೆಟರು ಬೂದಿ ಬಡಿದಂತಾಗುತ್ತದೆ. ಉಕ್ಕಿನ ಕಡ್ಡಿಗಳನ್ನು ನಾಲ್ಕು ತಿಂಗಳು ಹಾಗೆಯೇ ಬಿಟ್ಟರೆ ಕಡಲ ಗಾಳಿಗೆ ತುಕ್ಕು ಹಿಡಿಯುತ್ತದೆ. ಆಮೇಲೆ ಹೆಣೆದ ಮೊದಲ ಎರಡು ಸಾಲು ಕಾವಿಬಣ್ಣ. “ಚಳಿಯೇ ಇಲ್ಲದ ಊರಲ್ಲಿ ಕೂತು ಚಳಿಗೆ ಬಟ್ಟೆ ಮಾಡೋದು ಅಂದ್ರೆ, ಹೊಟ್ಟೆ ತುಂಬಿದವರು ಅಡಿಗೆಗೆ ನಿಂತ ಹಾಗೆ ಕಣ್ರೀ” ಎಂದು ಅವರೇ ಹೇಳುತ್ತಾರೆ.

ಆದರೂ ಒಂದು ತೋಳಿನವರೆಗೆ ಬಂದರು. ಅಲ್ಲಿ ನೂಲು ಮುಗಿಯಿತು. ಹೆಣೆಯುವವರೆಲ್ಲರೂ ಬಲ್ಲ ದುರಂತವಿದು. ಉಲ್ಲನ್ನಿಗೆ ಬಣ್ಣ ಕಟ್ಟುವುದು ತೊಟ್ಟಿ ತೊಟ್ಟಿಯಾಗಿ; ಒಂದು ತೊಟ್ಟಿಯ ಬಣ್ಣ ಮತ್ತೊಂದರಲ್ಲಿ ಕೂದಲೆಳೆಯಷ್ಟಾದರೂ ಬೇರೆಯಾಗುತ್ತದೆ. ಅದಕ್ಕೆಂದೇ ಉಂಡೆಗೆ ಸುತ್ತಿದ ಚೀಟಿಯಲ್ಲಿ ಬಣ್ಣದ ನಂಬರಲ್ಲದೆ ತೊಟ್ಟಿಯ ನಂಬರನ್ನೂ ಅಚ್ಚು ಹಾಕಿರುತ್ತಾರೆ. ಆ ಚೀಟಿಯನ್ನು ನಾವು ಮೊದಲನೆಯ ದಿನವೇ ಹರಿದು, ಅದರ ಹಿಂಬದಿಯಲ್ಲಿ ತರಕಾರಿಯ ಲೆಕ್ಕ ಬರೆದಿರುತ್ತೇವೆ. ಮೈಸೂರಿನವರು ಪಾಂಡಿ ಬಜಾರು ತಿರುಗಿದರು, ಪ್ಯಾರಿಸ್ ಕಾರ್ನರಿಗೆ ಹೋದರು. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಅದೇ ಹಳದಿ. ಮನೆಗೆ ತಂದು ಬಿಸಿಲಿನಲ್ಲಿ ಹಿಡಿದರೆ ಒಂದು ನಿಂಬೆ, ಇನ್ನೊಂದು ಮಾವು. ಲೂಧಿಯಾನದಿಂದ ಹೊಸ ಸರಕು ಬರಲಿ, ನೋಡೋಣವೆಂದು ಕಾದರು. ಸರಕು ಎಷ್ಟೋ ಬಾರಿ ಬಂತು. ಮೊಮ್ಮಗ ಈಗ ಎಂಜಿನಿಯರಿಂಗ್ ಎರಡನೆಯ ವರ್ಷದಲ್ಲಿದ್ದಾನೆ. ಪ್ರದರ್ಶನಕ್ಕೆ ಅವನೂ ಬಂದಿದ್ದ. ಸ್ವೆಟರನ್ನು ಎದೆಗೆ ಹಿಡಿದು ಫೋಟೋ ತೆಗೆಸಿಕೊಂಡ. ಅದು ಅವನ ಎದೆಯ ಜೇಬನ್ನೂ ಮುಚ್ಚಲಿಲ್ಲ.

ಎರಡನೆಯ ತೋಳು ಎಂಬುದು ನಮ್ಮ ಪ್ರದರ್ಶನದ ಅತಿ ದೊಡ್ಡ ಕೊರತೆ. ಒಂಬತ್ತು ಸ್ವೆಟರುಗಳಲ್ಲಿ ಏಳಕ್ಕೆ ಅದಿರಲಿಲ್ಲ. ಮೊದಲ ತೋಳನ್ನು ಕುತೂಹಲದಿಂದ ಹೆಣೆಯುತ್ತೇವೆ. ಎರಡನೆಯದಕ್ಕೆ ಕುಳಿತಾಗ ಅದು ಹೇಗಿರುತ್ತದೆಂದು ಮುಂಚೆಯೇ ಗೊತ್ತು. ಅಲ್ಲದೆ ಮೊದಲ ತೋಳಿಗೂ ಎರಡನೆಯದಕ್ಕೂ ನಡುವೆ ಆರು ತಿಂಗಳು ಕಳೆದರೆ ಕೈಯ ಬಿಗಿಯೇ ಬೇರೆಯಾಗುತ್ತದೆ. ಸಿಟ್ಟಿನಲ್ಲಿ ಹೆಣೆದರೆ ಕುಣಿಕೆ ಬಿಗಿ, ಧಾರಾವಾಹಿ ನೋಡುತ್ತ ಹೆಣೆದರೆ ಸಡಿಲ. ಅಷ್ಟೇ ಕುಣಿಕೆ, ಅಷ್ಟೇ ಸಾಲು ಲೆಕ್ಕ ಹಾಕಿಯೂ ಒಂದು ತೋಳು ಮೊಣಕೈಗೆ ನಿಂತು ಇನ್ನೊಂದು ಬೆರಳು ಮುಚ್ಚಿದ್ದುಂಟು. ಇದಕ್ಕೆ ತುಮಕೂರಿನ ಸೋದರಿ ಯೂಟ್ಯೂಬಿನಿಂದ ಒಂದು ಉಪಾಯ ಕಲಿತರು. ಎರಡು ಉಂಡೆ ತೆಗೆದುಕೊಂಡು, ಒಂದೇ ಕಡ್ಡಿಯ ಮೇಲೆ ಎರಡು ತೋಳುಗಳನ್ನೂ ಅಕ್ಕಪಕ್ಕ ಏರಿಸಿ, ಜೊತೆಜೊತೆಯಾಗಿಯೇ ಹೆಣೆದುಕೊಂಡು ಹೋಗುವುದು. ಬಹಳ ಒಳ್ಳೆಯ ಉಪಾಯ. ಈಗ ಅವರ ಸ್ವೆಟರಿಗೆ ಎರಡು ಅರ್ಧ ತೋಳುಗಳಿವೆ.

ಹೊಲಿಗೆಯ ಮೇಜಿನ ಮಾತು ಬೇರೆ. ಅಲ್ಲಿ ಬಟ್ಟೆಗಿಂತ ಗುಂಡುಪಿನ್ನುಗಳೇ ಹೆಚ್ಚು. ಮಂಗಳೂರಿನ ಅಕ್ಕ ತಂದದ್ದು ನಾಲ್ಕು ಕಿಟಕಿ ಪರದೆಗಳು. ಅಂಚು ಮಡಚಿ ಪಿನ್ನು ಹಾಕಿ, “ನಾಳೆ ಹೊಲಿದರಾಯಿತು” ಎಂದು ತೂಗುಹಾಕಿದ್ದು. ಆಮೇಲೆ ಅವರು ಎರಡು ಬಾಡಿಗೆ ಮನೆ ಬದಲಾಯಿಸಿದ್ದಾರೆ. ಪರದೆಗಳು ಪಿನ್ನಿನ ಸಮೇತ ಲಾರಿ ಹತ್ತಿ ಇಳಿದಿವೆ. “ಎಂತ ಮಾಡುದು ಮಾರಾಯ್ರೇ, ಹೊಲಿದ ದಿವಸ ಆ ಮನೆಯ ಓನರ್ ಖಾಲಿ ಮಾಡಿ ಅಂತಾನೆ ಅಂತ ಹೆದರಿಕೆ” ಎಂದರು. ಶಿರಸಿಯ ಕಡೆಯವರೊಬ್ಬರು ತವರಿನ ಹಳೆಯ ಸೀರೆಗಳಿಂದ ಹೊಲಿಯತೊಡಗಿದ ಕೌದಿಯನ್ನು ತಂದಿದ್ದರು. ಅವರ ಊರ ಕಡೆ ಸಿದ್ದಿ ಹೆಂಗಸರು ಕೌದಿಯನ್ನು ಹೊರ ಅಂಚಿನಿಂದ ಆರಂಭಿಸಿ ನಡುವಿನತ್ತ ಹೊಲಿದುಕೊಂಡು ಬರುತ್ತಾರೆ. ನಾಲ್ಕು ಮೂಲೆಗಳಲ್ಲೂ ಬಟ್ಟೆ ಮಡಿಸಿ ಮಾಡಿದ ‘ಫೂಲ’ ಕೂರಿಸುವವರೆಗೆ ಅದು ಬೆತ್ತಲೆಯೇ ಎನ್ನುತ್ತಾರೆ. ನಮ್ಮ ಶಿರಸಿಯವರ ಕೌದಿಗೆ ನಾಲ್ಕು ಫೂಲಗಳೂ ಬಂದಿವೆ. ನಡುವೆ ಒಬ್ಬರು ನುಸುಳಿ ಹೋಗುವಷ್ಟು ತೂತಿದೆ.

ರವಿಕೆ ಕಣಗಳ ವಿಷಯವನ್ನು ಹೇಳಹೊರಟರೆ ಈ ಸಂಚಿಕೆ ಸಾಲದು. ವರಮಹಾಲಕ್ಷ್ಮಿಯಿಂದ ನವರಾತ್ರಿಯವರೆಗೆ ಅರಿಶಿನ ಕುಂಕುಮದ ಜೊತೆ ಬಂದ ಕಣಗಳು ಹೊಲಿಸಿಕೊಳ್ಳುವ ಉದ್ದೇಶದಿಂದಲೇ ಬೀರುವಿಗೆ ಹೋಗುತ್ತವೆ, ಮುಂದಿನ ವರ್ಷ ಇನ್ನೊಬ್ಬರ ತಾಂಬೂಲದಲ್ಲಿ ಹೊರಡುತ್ತವೆ. ಆನೇಕಲ್ಲಿನವರು ಹನ್ನೆರಡು ವರ್ಷದ ಹಿಂದೆ ಕೊಟ್ಟ ಗಿಳಿಹಸಿರು ಕಣ ಹೋದ ಶ್ರಾವಣದಲ್ಲಿ ಅವರ ಮನೆಗೇ ಮರಳಿತು. ಗುರುತು ಹಿಡಿದದ್ದು ಹೇಗೆಂದರೆ, ಅದರ ಮೂಲೆಯಲ್ಲಿ ಅವರೇ ಹಾಕಲು ಹೊರಟು ಬಿಟ್ಟಿದ್ದ ಅರ್ಧ ಹೂವಿತ್ತು.

ಮನೆಯ ಹೊಲಿಗೆ ಯಂತ್ರವನ್ನೂ ಇಲ್ಲಿ ನೆನೆಯಬೇಕು. ನಮ್ಮಲ್ಲಿ ಬಹುಮಂದಿಯ ಮನೆಯಲ್ಲಿ ಅಮ್ಮನ ಕಾಲದ ಕಾಲುಯಂತ್ರವೊಂದಿದೆ. ಉಷಾ ಇಲ್ಲವೆ ಸಿಂಗರ್. ಆಯುಧಪೂಜೆಯ ದಿನ ಅದಕ್ಕೆ ವಿಭೂತಿ, ಕುಂಕುಮ, ಸೇವಂತಿಗೆ ಹಾರ. ಉಳಿದ ದಿನಗಳಲ್ಲಿ ಅದು ಟಿ.ವಿ.ಯ ಪೆಟ್ಟಿಗೆಯನ್ನೋ ಇಸ್ತ್ರಿಗೆ ಹೋಗುವ ಬಟ್ಟೆಯನ್ನೋ ಹೊತ್ತು ನಿಂತಿರುತ್ತದೆ. ಚರ್ಮದ ಪಟ್ಟಿ ಸಡಿಲವಾಗಿದೆ, ಸರಿಮಾಡಿಸಿದ ಮೇಲೆ ಎಲ್ಲವನ್ನೂ ಹೊಲಿಯುತ್ತೇವೆ ಎಂಬುದು ನಮ್ಮ ಶಾಶ್ವತ ಉತ್ತರ. ಯಜಮಾನರುಗಳು ಇದನ್ನು ಕೇಳಿ ನಗುತ್ತಾರೆ. ನಗಲಿ. ಅವರಲ್ಲೊಬ್ಬರು 2009ರಲ್ಲಿ ಆರಂಭಿಸಿದ ಪುಸ್ತಕದ ಕಪಾಟಿಗೆ ಇನ್ನೂ ಬಾಗಿಲು ಬಂದಿಲ್ಲವೆಂಬುದನ್ನು ಇಲ್ಲಿ ದಾಖಲು ಮಾಡಿ ಮುಂದೆ ಹೋಗುವೆವು.

ಅತ್ಯಂತ ಹಳೆಯ ವಸ್ತುವಿಗೆ ಒಂದು ಬಹುಮಾನವನ್ನು ಅಲ್ಲಿಯೇ ಘೋಷಿಸಿದ್ದರಿಂದ ಹುಬ್ಬಳ್ಳಿ ವೈನಿ ಗೆದ್ದರು. ಅವರು ತಂದದ್ದು ಸ್ವೆಟರೂ ಅಲ್ಲ, ಬರಿಯ ಒಂದು ತೋಳು. ಮಿಲಿಟರಿ ಹಸಿರು, ಮೊಣಕೈವರೆಗೆ. 1962ರ ಅಕ್ಟೋಬರ್ 20ರಂದು ಚೀನಾದ ಸೈನ್ಯ ಗಡಿ ದಾಟಿ ಬಂದಾಗ ದೇಶದ ಉದ್ದಗಲಕ್ಕೂ ಹೆಂಗಸರು ಹಿಮಾಲಯದ ಜವಾನರಿಗಾಗಿ ಸ್ವೆಟರು ಹೆಣೆದು ಕಳುಹಿಸಿದ್ದು ಹಿರಿಯರಿಗೆ ನೆನಪಿರಬಹುದು. ವೈನಿಗೆ ಆಗ ಹನ್ನೆರಡು ವರ್ಷ. ಶಾಲೆಯಲ್ಲಿ ಅಕ್ಕೋರು ಒಬ್ಬೊಬ್ಬರಿಗೆ ಒಂದೊಂದು ಭಾಗ ಹಂಚಿದರು; ಇವರ ಪಾಲಿಗೆ ಎಡ ತೋಳು. “ನಾ ಹಗಲೂ ರಾತ್ರಿ ಹಾಕ್ದೆರಿ. ನವೆಂಬರ್ 21ಕ್ಕ ಲಡಾಯಿ ನಿಂತೇಬಿಟ್ತು. ಚೀನಾದವ್ರಿಗೆ ತಡೀಲಿಕ್ಕೇ ಆಗ್ಲಿಲ್ಲ.” ತಿಂಗಳಲ್ಲಿ ಯುದ್ಧ ಮುಗಿಯಿತು, ತೋಳು ಮುಗಿಯಲಿಲ್ಲ. ಆಗ ಅವರ ಊರು ಮೈಸೂರು ರಾಜ್ಯದಲ್ಲಿತ್ತು, ಅದು 1973ರಲ್ಲಿ ಕರ್ನಾಟಕವಾಯಿತು. ಮದುವೆಯಾಗಿ ಮದರಾಸಿಗೆ ಬಂದರು, 1996ರಲ್ಲಿ ಅದೂ ಚೆನ್ನೈ ಆಯಿತು. ತೋಳು ಮಾತ್ರ ಅಂದಿದ್ದಷ್ಟೇ ಇದೆ. ಆ ಬಲ ತೋಳಿನ ಹುಡುಗಿ ತನ್ನದನ್ನು ಮುಗಿಸಿ ಕೊಟ್ಟಳೇ ಎಂಬುದು ಅವರನ್ನು ಇಂದಿಗೂ ಕಾಡುತ್ತದೆ.

ಅಂದು ಪ್ರದರ್ಶನ ನೋಡಲು ಬಂದವರಲ್ಲಿ ನಮ್ಮಲ್ಲೊಬ್ಬರ ಕೆಳಮನೆಯ ದರ್ಜಿ ತಾತನೂ ಇದ್ದರು. ಅವರು ತಮಿಳರು, ಎಂಬತ್ತು ದಾಟಿದ್ದಾರೆ. 1948ರಲ್ಲಿ ಎ.ವಿ.ಎಂ. ಸ್ಟುಡಿಯೋ ಕಾರೈಕುಡಿಯಿಂದ ಇತ್ತ ಬಂತು. ಆರ್ಕಾಟ್ ರಸ್ತೆಯ ಆಚೀಚೆ ಸ್ಟುಡಿಯೋಗಳು ಬೆಳೆದು ‘ಬೇಡರ ಕಣ್ಣಪ್ಪ’ನ ಕಾಲದಿಂದ ಎಷ್ಟೋ ವರ್ಷ ಕನ್ನಡ ಚಿತ್ರಗಳೂ ಮದರಾಸಿನಲ್ಲೇ ತಯಾರಾದುವಷ್ಟೆ. ಅಂಥ ಒಂದು ಸ್ಟುಡಿಯೋದ ಉಡುಪಿನ ಕೋಣೆಯಲ್ಲಿ ಹುಡುಗನಾಗಿ ಸೇರಿದವರು ಅವರು. ಕನ್ನಡದ ರಾಜರಿಗೂ ಮಂತ್ರಿಗಳಿಗೂ ಅಂಗಿ ಹೊಲಿದು ಹೊಲಿದು ನಾಲ್ಕು ಮಾತು ಕನ್ನಡವೂ ಬರುತ್ತದೆ. ಮೇಜುಗಳನ್ನೆಲ್ಲ ಸುತ್ತಿ ನೋಡಿ, “ಇದೇನಮ್ಮಾ ದೊಡ್ಡದು? ನಮ್ಮ ರಾಜರ ಅಂಗಿಗೆ ಬೆನ್ನೇ ಇರುತ್ತಿರಲಿಲ್ಲ” ಎಂದರು. ಮುಂದೆ ಜರತಾರಿ, ಹಿಂದೆ ಪಿನ್ನು. ರಾಜರು ತಿರುಗಬಾರದು, ಅಷ್ಟೆ. ಅರ್ಧ ಹೊಲಿದದ್ದನ್ನು ಮೈಮೇಲೆಯೇ ಕೂಡಿಸಿ ದೀಪದ ಮುಂದೆ ತಳ್ಳುತ್ತಿದ್ದರಂತೆ, ಏಕೆಂದರೆ ಬೆಳಗ್ಗೆ ಏಳಕ್ಕೆ ಶಾಟು. ಆಮೇಲೆ ನಮ್ಮನ್ನೆಲ್ಲ ನೋಡಿ, “ನಿಮಗೆ ಶಾಟು ಎಷ್ಟು ಗಂಟೆಗೆ?” ಎಂದು ಕೇಳಿದರು. ಯಾರ ಬಳಿಯೂ ಉತ್ತರವಿರಲಿಲ್ಲ. ನಮಗೆ ಶಾಟೇ ಇಲ್ಲವಲ್ಲ!

ಚೆನ್ನೈಯಲ್ಲಿ ಶಾಟು ಇಟ್ಟುಕೊಂಡು ಮುಗಿಸಿದವರೂ ಉಂಟು. ‘ಮದರ್ ಇಂಡಿಯಾಸ್ ಕ್ರೋಶೆ ಕ್ವೀನ್ಸ್’ ಎಂಬ ಹೆಂಗಸರ ಬಳಗ ದೂರದೂರದ ಊರುಗಳಿಂದ ಹೆಣೆದು ಕಳುಹಿಸಿದ ತುಂಡುಗಳನ್ನು ಇಲ್ಲಿ ಒಟ್ಟಿಗೆ ಜೋಡಿಸಿ, 2016ರ ಜನವರಿ 31ರಂದು ಜಗತ್ತಿನ ಅತಿ ದೊಡ್ಡ ಕ್ರೋಶೆ ಹೊದಿಕೆಯೆಂದು ಗಿನ್ನೆಸ್ ದಾಖಲೆ ಮಾಡಿತು: 11,148.5 ಚದರ ಮೀಟರು, ಎಂದರೆ ಎರಡೂಮುಕ್ಕಾಲು ಎಕರೆ. ಎರಡು ತಿಂಗಳ ಹಿಂದೆಯಷ್ಟೇ, 2015ರ ಡಿಸೆಂಬರ್ ಆರಂಭದಲ್ಲಿ ಈ ಊರು ಮಳೆನೀರಿನಲ್ಲಿ ಮುಳುಗಿತ್ತು ಎಂಬುದನ್ನು ನೆನೆದರೆ ಅವರ ಛಲಕ್ಕೆ ಕೈಮುಗಿಯಬೇಕು. ನಮ್ಮಲ್ಲಿಬ್ಬರು ಆ ಹೊದಿಕೆಗೆ ತುಂಡು ಹೆಣೆಯುವೆವೆಂದು ಹೊರಟಿದ್ದರು. ಒಬ್ಬರದು ದಾಖಲೆಗೆ ಸೇರಿತು. ಇನ್ನೊಬ್ಬರದು ನಮ್ಮ ಎರಡನೆಯ ಮೇಜಿನ ಮೇಲಿತ್ತು.

ಇಷ್ಟೆಲ್ಲ ಗಲಾಟೆಯ ನಡುವೆ ಒಂದು ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು, ಬಿಳಿಯ ಪಂಚೆಯಲ್ಲಿ ಸುತ್ತಿದ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದವರು ಧಾರವಾಡದ ಅಜ್ಜಿ. ಅವರು ಕೈ ಎತ್ತಿದವರಲ್ಲ. “ನಂದು ಮುಗಿಯೂದಲ್ಲ, ತೋರ್ಸೂದೇನು” ಎನ್ನುತ್ತಿದ್ದರು. ಬಹಳ ಬೇಡಿದ ಮೇಲೆ ಬಿಚ್ಚಿದರು. ಕಪ್ಪು ರೇಷ್ಮೆಯ ಚಂದ್ರಕಾಳಿ ಸೀರೆ. ಸೆರಗಿನ ಉದ್ದಕ್ಕೂ ಅಂಬಾರಿ ಹೊತ್ತ ಆನೆಗಳ ಸಾಲು. ಏಳು ಆನೆಗಳ ಲೆಕ್ಕ. ಐದು ಮುಗಿದಿದ್ದುವು. ಆರನೆಯದು ಚುಕ್ಕಿ ಚುಕ್ಕಿಯಾಗಿ, ಮಂಜಿನಲ್ಲಿ ಬರುತ್ತಿರುವ ಆನೆಯಂತೆ ಇತ್ತು.

ಧಾರವಾಡದ ಕಡೆ ಮದುವೆಯ ಹೆಣ್ಣಿಗೆ ಕಸೂತಿ ಹಾಕಿದ ಚಂದ್ರಕಾಳಿ ಸೀರೆ ಕೊಡುವುದು ಹಿಂದಿನಿಂದ ಬಂದ ಪದ್ಧತಿ. ಮೊಮ್ಮಗಳು ಅಮೆರಿಕದಲ್ಲಿ ಎಂಟನೆಯ ತರಗತಿಯಲ್ಲಿದ್ದಾಗ ಅಜ್ಜಿ ಆರಂಭಿಸಿದ್ದರು. ಕಸೂತಿಯೆಂದರೆ ಪೆನ್ಸಿಲಿನಿಂದ ಗೆರೆ ಎಳೆದುಕೊಂಡು ತುಂಬುವ ಕೆಲಸವಲ್ಲ. ಬಟ್ಟೆಯ ಎಳೆಗಳನ್ನು ಒಂದೊಂದಾಗಿ ಎಣಿಸಿ ಸೂಜಿ ಹಾಕಬೇಕು. ಗಂಟು ಹಾಕುವ ಹಾಗಿಲ್ಲ. ಗವಂತಿ, ಮುರಗಿ, ನೇಗಿ, ಮೆಂತೆ ಎಂದು ನಾಲ್ಕು ಬಗೆ. ಕಪ್ಪು ಬಟ್ಟೆಯಲ್ಲಿ ಕಪ್ಪು ಎಳೆಯನ್ನು ಎಣಿಸುವ ಕಷ್ಟವನ್ನು ಊಹಿಸಿಕೊಳ್ಳಿ. ಅಜ್ಜಿಗೆ ಕಣ್ಣು ಕಾಣುತ್ತಿದ್ದುದು ಬೆಳಗ್ಗೆ ಒಂಬತ್ತರಿಂದ ಹನ್ನೊಂದರವರೆಗೆ, ಬಾಲ್ಕನಿಗೆ ಬಿಸಿಲು ಬಂದಾಗ ಮಾತ್ರ. “ಇದು ಓಡಿಸಿ ಮಾಡೂ ಕೆಲಸ ಅಲ್ಲವಾ. ಒಂದು ಎಳಿ ತಪ್ಪಿದರ ಆನಿ ಕುಂಟತದ” ಎಂದರು. ದರ್ಜಿ ತಾತ ಸೆರಗನ್ನು ತಿರುವಿ ನೋಡಿ ಮಾತಾಡಲಿಲ್ಲ. ಮುಗಿದ ಐದು ಆನೆಗಳೂ ಒಳಬದಿಯಲ್ಲಿ ಹೊರಬದಿಯಷ್ಟೇ ಚೆಂದವಾಗಿದ್ದುವು.

ವೈಶಾಖದಲ್ಲಿ ಅಜ್ಜಿ ತೀರಿಕೊಂಡರು. ಎಂಬತ್ತನಾಲ್ಕಾಗಿತ್ತು. ಕರ್ಮಾಂತರ ಮುಗಿದ ಮೇಲೆ ಮಗಳು ಅದೇ ಪಂಚೆಯ ಗಂಟನ್ನು ತಂದು ನಮ್ಮ ಮುಂದಿಟ್ಟು, “ಇದನ್ನ ಮುಗಸ್ಲಿಕ್ಕೆ ಆಗ್ತದೇನ್ರಿ? ಮಾಘದಾಗ ಮದುವಿ ಅದ” ಎಂದು ಕೇಳಿದರು.

ಯಾರನ್ನು ಕೇಳುತ್ತಿದ್ದಾರೆ ನೋಡಿ! ನಲವತ್ತೇಳು ಅರ್ಧಂಬರ್ಧ ವಸ್ತುಗಳ ಒಡತಿಯರನ್ನು. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಧಾರವಾಡದಲ್ಲಿ ಹಾಕುವವರಿದ್ದಾರೆ, ಕೊರಿಯರಿನಲ್ಲಿ ಕಳುಹಿಸಬಹುದೆಂದು ಒಬ್ಬರು ಹೇಳಿದರು. ಮಗಳು ಗಂಟಿನ ಮೇಲಿನ ಕೈ ತೆಗೆಯಲಿಲ್ಲ. ಮಂಗಳೂರಿನ ಅಕ್ಕ, “ಅಜ್ಜಿ ನಿಲ್ಲಿಸಿದಲ್ಲಿಗೇ ಇರಲಿ. ನಾವು ಮುಟ್ಟುದು ಬೇಡ” ಎಂದರು, ಅವರ ಪಕ್ಷಕ್ಕೆ ಐದಾರು ಜನ ಸೇರಿದರು. ಮೈಸೂರಿನವರು, ಹುಡುಗಿ ಐದೂವರೆ ಆನೆ ಉಟ್ಟುಕೊಂಡು ಹಸೆಮಣೆಯ ಮೇಲೆ ಕೂರೋದು ಹೇಗೆ ಎಂದರು. ಮಾತು ಬೆಳೆಯಿತು, ಸ್ವಲ್ಪ ಬಿಸಿಯೂ ಆಯಿತು. ಕಡೆಗೆ ಹುಬ್ಬಳ್ಳಿ ವೈನಿ ಗಂಟನ್ನು ತಮ್ಮತ್ತ ಎಳೆದುಕೊಂಡು, “ಸೂಜಿ ಎಲ್ಲಿ ನಿಂತದ ಮೊದಲ ನೋಡೂಣು” ಎಂದರು. ಬಾಲ್ಯದಲ್ಲಿ ಸೋದರತ್ತೆಯಿಂದ ಕಸೂತಿ ಕಲಿತವರು ನಮ್ಮಲ್ಲಿ ಅವರೊಬ್ಬರೇ. ಹಾಕಿ ಅರವತ್ತು ವರ್ಷವಾಗಿತ್ತು. ಕಣ್ಣಿನ ಪೊರೆ ತೆಗೆಸಿ ಎರಡು ವರ್ಷ.

ಸೂಜಿ ಅಂಬಾರಿಯ ಬುಡದಲ್ಲಿ ಚುಚ್ಚಿಕೊಂಡೇ ಇತ್ತು. ಸಮಸ್ಯೆಯೇನೆಂದರೆ, ಗವಂತಿಯಲ್ಲಿ ಗೆರೆಯುದ್ದಕ್ಕೂ ಒಂದು ಬಿಟ್ಟು ಒಂದು ಹೊಲಿಗೆ ಹಾಕುತ್ತ ಹೋಗಿ, ತಿರುಗಿ ಬರುವಾಗ ಬಿಟ್ಟ ಜಾಗಗಳನ್ನು ತುಂಬಬೇಕು. ಅಜ್ಜಿ ಹೋಗಿದ್ದರು, ತಿರುಗಿ ಬಂದಿರಲಿಲ್ಲ. ಯಾವ ದಾರಿಯಲ್ಲಿ ಹಿಂತಿರುಗಬೇಕೆಂದಿದ್ದರು, ಕಾಲಿನ ಗೆಜ್ಜೆಯನ್ನು ಯಾವಾಗ ಹಾಕಬೇಕೆಂದಿದ್ದರು, ಅದು ಅವರ ತಲೆಯಲ್ಲಿತ್ತು. ಮೊದಲಿನ ಐದು ಆನೆಗಳನ್ನು ನೋಡಿ ಹಾಕಬಹುದಲ್ಲ ಎನ್ನುವಿರಿ. ಐದೂ ಒಂದೇ ತರಹವಲ್ಲ! ಒಂದರ ಸೊಂಡಿಲು ಮೇಲೆ, ಒಂದರದು ಕೆಳಗೆ, ಮೂರನೆಯದರ ಅಂಬಾರಿಗೆ ಎರಡು ಕಳಶ. ಅಜ್ಜಿಗೆ ಒಂದೇ ಆನೆಯನ್ನು ಏಳು ಸಲ ಹಾಕಲು ಬೇಸರವಾಗಿರಬೇಕು. ಈ ಬೇಸರವನ್ನು ಬಲ್ಲ ನಮಗೆ ಅದು ಬೇಗ ಅರ್ಥವಾಯಿತು.

ತುಮಕೂರಿನ ಸೋದರಿ ಚೌಕಳಿ ಕಾಗದ ತಂದು ಚುಕ್ಕಿ ಇಟ್ಟರು, ಲೆಕ್ಕ ಎರಡು ಸಲ ತಪ್ಪಿತು. ಆಗ ವೈನಿ ಸೆರಗನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದು, ಈ ಬದಿ ಒಮ್ಮೆ, ಆ ಬದಿ ಒಮ್ಮೆ ತಿರುಗಿಸಿ, “ಅಯ್ಯ, ಇಲ್ಲೇ ಅದ ನೋಡ್ರಿ” ಎಂದರು. ಹೊರಬದಿಯಲ್ಲಿ ಎಲ್ಲಿ ಖಾಲಿಯಿತ್ತೋ ಸರಿಯಾಗಿ ಅಲ್ಲಿ ಒಳಬದಿಯಲ್ಲಿ ಹೊಲಿಗೆ ಬಿದ್ದಿತ್ತು. ಒಳಗೆ ಖಾಲಿಯಿದ್ದಲ್ಲಿ ಹೊರಗೆ. ಎರಡನ್ನೂ ಕೂಡಿಸಿ ಓದಿದರೆ ಆರನೆಯ ಆನೆಯ ಬೆನ್ನು, ಹೊಟ್ಟೆ, ನಾಲ್ಕು ಕಾಲು, ಎತ್ತಿದ ಸೊಂಡಿಲು ಪೂರ್ತಿಯಾಗಿ ಇದ್ದುವು. ಹಿಂತಿರುಗುವಾಗ ಹಾಕಬೇಕೆಂದು ಉಳಿಸಿಕೊಂಡ ಗೆಜ್ಜೆ ಮತ್ತು ಬಾಲದ ಕುಚ್ಚು ಮಾತ್ರ ಗೊತ್ತಾಗಲಿಲ್ಲ. ಅಕ್ಕ ಎದ್ದು ಹೋಗಿ ತಮ್ಮ ಕನ್ನಡಕ ತಂದರು.

ಆಷಾಢದಿಂದ ಪ್ರತಿ ಶನಿವಾರ ಒಂಬತ್ತರಿಂದ ಹನ್ನೊಂದು ಗಂಟೆಯವರೆಗೆ, ಅಜ್ಜಿಯ ಬಿಸಿಲಿನ ವೇಳೆಯಲ್ಲೇ, ಕುಳಿತೆವು. ವೈನಿ ಸೂಜಿ ಹಾಕುವುದು, ನಾವು ಎಳೆ ಎಣಿಸುವುದು. ಮೊದಲ ಶನಿವಾರವೇ ಒಂದು ಎಳೆ ತಪ್ಪಿ ಆನೆ ಕುಂಟಿತು. ಬಿಚ್ಚಲು ಎರಡು ಶನಿವಾರ ಹಿಡಿಯಿತು. ಒಮ್ಮೆ ಎಣಿಕೆಯ ನಡುವೆ ಯಾರೋ ಬದನೆಕಾಯಿಯ ಬೆಲೆ ಕೇಳಿ ಸಭೆಯಿಂದ ಹೊರಗೆ ಕಳುಹಿಸಲ್ಪಟ್ಟರು. ಗೆಜ್ಜೆಯ ವಿಷಯದಲ್ಲಿ ಮತ ಹಾಕಬೇಕಾಯಿತು. ಗೆಜ್ಜೆ ಬೇಕೆಂಬ ಪಕ್ಷಕ್ಕೆ ಒಂದು ಮತ ಹೆಚ್ಚು ಬಂದು, ಮುಂಗಾಲಿಗೆ ಮಾತ್ರ ಹಾಕುವುದೆಂದು ರಾಜಿಯಾಯಿತು. ಗಣೇಶನ ಹಬ್ಬದ ಮುಂಚಿನ ಶನಿವಾರ ಆರನೆಯ ಆನೆ ಮುಗಿಯಿತು. ಮುಗಿಯಿತೆಂಬ ಶಬ್ದವನ್ನು ನಾವು ಬಹುಕಾಲದ ಮೇಲೆ ಬಳಸುತ್ತಿದ್ದೇವೆ.

ಏಳನೆಯದಕ್ಕೆ ಕುಳಿತಾಗ ಅಜ್ಜಿಯ ಡಬ್ಬಿಯಲ್ಲಿದ್ದ ಕೆಂಪು ರೇಷ್ಮೆ ನೂಲು ಮುಗಿಯಿತು! ಮೈಸೂರಿನವರು ಹಣೆ ಹಣೆ ಚಚ್ಚಿಕೊಂಡರು. ಹಳದಿ ಉಲ್ಲನ್ನಿಗೆ ತಿರುಗಿದ ಅಂಗಡಿಗಳನ್ನೆಲ್ಲ ಈಗ ಕೆಂಪಿಗಾಗಿ ತಿರುಗಿದರು. ತಂದದ್ದೆಲ್ಲ ಒಂದು ಗಳಿಗೆ ಹೆಚ್ಚು, ಒಂದು ಗಳಿಗೆ ಕಡಿಮೆ. ಕಡೆಗೆ ಎರಡು ಲಡಿಗಳನ್ನು ಬಿಸಿಲಿನಲ್ಲಿ ಜೊತೆಗಿಟ್ಟು ಫೋಟೋ ತೆಗೆದು ಅಮೆರಿಕಕ್ಕೆ ಕಳುಹಿಸಿ, ಬಣ್ಣ ಕೂಡುತ್ತಿಲ್ಲ, ಏನು ಮಾಡೋಣವೆಂದು ಕೇಳಿದೆವು. ಉತ್ತರ ಬಂದದ್ದು ಮಗಳಿಂದಲ್ಲ, ಮದುವಣಗಿತ್ತಿಯಿಂದ. ಅಲ್ಲಿಯೇ ಹುಟ್ಟಿ ಬೆಳೆದ ಹುಡುಗಿ, ಧ್ವನಿಯನ್ನೇ ಮುದ್ರಿಸಿ ಕಳುಹಿಸಿದ್ದಳು. “ಏಳನೇದು ನಿಮ್ಮ ಬಣ್ಣದಾಗ ಮಾಡ್ರಿ. ಯಾವುದು ಅಜ್ಜಿದು, ಯಾವುದು ನಿಮ್ಮದು ನನಗ ಗೊತ್ತಾಗ್ಬೇಕು.” ಧಾರವಾಡದ ಆ ಮ್ಯಾಲಿನ ಎಳೆತ ಹಾಗೆಯೇ ಇತ್ತು. ವೈನಿ ಅದನ್ನು ಮೂರು ಸಲ ಹಾಕಿಸಿ ಕೇಳಿದರು.

ಹೊಸ ಕೆಂಪು ಲಡಿಗಳನ್ನು ಈಗ ಒಂದು ಮಿಲಿಟರಿ ಹಸಿರು ತೋಳಿನೊಳಗೆ ಸುತ್ತಿಡಲಾಗುತ್ತಿದೆ. ಧೂಳು ಹತ್ತುವುದಿಲ್ಲ, ಅಳತೆಯೂ ಸರಿಯಾಗಿದೆ. ದರ್ಜಿ ತಾತ ಮೆಟ್ಟಿಲ ಬಳಿ ಸಿಕ್ಕಾಗಲೆಲ್ಲ “ಶಾಟು ಎಂದು?” ಎಂದು ಕೇಳುತ್ತಾರೆ, ಈಗ ನಾವು ಒಕ್ಕೊರಲಿನಿಂದ “ಮಾಘಕ್ಕೆ” ಎನ್ನುತ್ತೇವೆ. ಎಳೆ ಎಣಿಸಬಲ್ಲ ಎಳೆಯ ಕಣ್ಣಿನವರು ಬೇಕಾಗಿದ್ದಾರೆ. ಕನ್ನಡ ಬಾರದಿದ್ದರೂ ಅಡ್ಡಿಯಿಲ್ಲ, ನೂರರವರೆಗೆ ಎಣಿಕೆಯನ್ನು ಅಲ್ಲಿಯೇ ಕಲಿಸುವೆವು. ಶನಿವಾರ ಒಂಬತ್ತಕ್ಕೆ ಬರಬೇಕು, ಬದನೆಕಾಯಿಯ ಮಾತು ಎತ್ತಬಾರದು. ಈ ಸಂಚಿಕೆ ಅಚ್ಚಿಗೆ ಹೋಗುವಾಗ ಏಳನೆಯ ಆನೆಗೆ ಮೂರು ಕಾಲು ಬಂದಿವೆ.